ಹೇರ್ ಪ್ಯಾಚಿನ ಕಪ್ಪು ಚುಕ್ಕೆ, ಅವ್ವನ ಮಲ್ಲಿಗೆ ಗಂಟು

ಟೀಮ್ ಲೀಡ್ ಮನೆಯಲ್ಲಿ ಮಗಳ ಹುಟ್ಟುಹಬ್ಬ. ಟೆರೇಸ್ ಮೇಲೆ ಮಧ್ಯಾಹ್ನದ ಊಟ, ನೆತ್ತಿ ಸುಡುವ ಬಿಸಿಲು. ಐದು ವರ್ಷದ ಹುಟ್ಟುಹಬ್ಬದ ಹುಡುಗಿ ನನ್ನ ತೊಡೆ ಹತ್ತಿ ಕೂತವಳು, ಹಣೆ ಹತ್ತಿರ ಮುಖ ತಂದು, ದಿಟ್ಟಿಸಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಅಂಕಲ್, ನಿಮ್ ತಲೇಲಿ ರಾಗಿ ಚೆಲ್ಲಿದೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಫೋನ್ ಟಾರ್ಚ್ ಹಾಕಿ ಕನ್ನಡಿಯಲ್ಲಿ ನೋಡಿಕೊಂಡೆ. ಮಗು ಸುಳ್ಳು ಹೇಳಿರಲಿಲ್ಲ. ಹಣೆಯ ಅಂಚಿನಿಂದ ಒಳಕ್ಕೆ, ಬೈತಲೆಯ ಉದ್ದಕ್ಕೂ ಸಾಲುಸಾಲಾಗಿ ಕಪ್ಪು ಚುಕ್ಕೆ. ಆಫೀಸಿನ ಲೈಟಲ್ಲಿ ಯಾರಿಗೂ ಕಾಣದ್ದು ಬಿಸಿಲಲ್ಲಿ ಕಂಡಿತ್ತು.

ಹೇರ್ ಪ್ಯಾಚ್ ಹಾಕುವವರಿಗೆ ಇದೇನು ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು. ನನಗೀಗ 31. ಇಪ್ಪತ್ತೈದಕ್ಕೇ ಮುಂದಲೆ ಖಾಲಿಯಾಗೋಕೆ ಶುರುವಾಗಿ ಇಪ್ಪತ್ತೆಂಟಕ್ಕೆಲ್ಲ ಕೆಲಸ ಮುಗಿದಿತ್ತು. ಎರಡು ವರ್ಷದಿಂದ ಲೇಸ್ ಪ್ಯಾಚ್ ಹಾಕ್ತಿದ್ದೀನಿ. ಸೊಳ್ಳೆ ಪರದೆಗಿಂತ ಎಷ್ಟೋ ನವಿರಾದ ಬಲೆ ಅದು. ಆ ಬಲೆಯ ಎಳೆಗಳಿಗೆ ಒಂದೊಂದೇ ಕೂದಲನ್ನು ಸಣ್ಣ ಕೊಕ್ಕೆ ಸೂಜಿಯಲ್ಲಿ, ಕೈಯಿಂದಲೇ ಗಂಟು ಹಾಕಿರ್ತಾರೆ. ತಲೆಗೆ ಅಂಟಿಸಿದ ಮೇಲೆ ಬಲೆ ಚರ್ಮದಲ್ಲಿ ಕರಗಿಹೋದ ಹಾಗೆ ಕಾಣುತ್ತೆ. ಗಂಟು ಕರಗಲ್ಲ. ಕೂದಲು ಕಪ್ಪು, ಹಾಗಾಗಿ ಗಂಟೂ ಕಪ್ಪು. ಮಗು ಕಂಡ ರಾಗಿ ಅದೇ.

ಮನೆಯಲ್ಲಿ ಮಾತ್ರ ನಾನು ಹೇಳಿದ್ದೇ ಬೇರೆ. ಕೊಪ್ಪಳಕ್ಕೆ ಮೊದಲ ಸಲ ಪ್ಯಾಚ್ ಹಾಕಿಕೊಂಡು ಹೋದಾಗ ಅವ್ವ ಬಾಗಿಲಲ್ಲೇ ನಿಂತು ಬೆರಗಾಗಿ ನೋಡಿದಳು. ಆ ಕ್ಷಣಕ್ಕೆ ಬಾಯಿಗೆ ಬಂದದ್ದು: “ಒಂದು ಎಣ್ಣೆ ಹಚ್ತಿದ್ದೀನವ್ವ.” ಅಷ್ಟೇ ಸುಳ್ಳು. ಆದರೆ ಸುಳ್ಳಿಗೆ ಒಂದು ಎಣ್ಣೆಯ ಹೆಸರೂ ಬೇಕಾಯ್ತು. ಅದನ್ನೂ ಹೇಳಿದೆ.

ಮೊದಲ ಸಲ: ಎಲ್ಲ ತಪ್ಪೂ ಒಂದೇ ದಿನ

ಗಂಟಿನ ಕಪ್ಪನ್ನು ತಿಳಿ ಮಾಡೋಕೆ ದಾರಿ ಇದೆ. ಸಲೂನ್‌ನವರು ಕೂದಲಿಗೆ ಬಣ್ಣ ಹಾಕುವ ಮೊದಲು ಬಳಸುವ ಬ್ಲೀಚ್ ಪುಡಿಯನ್ನು ಡೆವಲಪರ್ ಜತೆ ಕಲಸಿ ಗಂಟುಗಳಿಗಷ್ಟೇ ಹಚ್ಚಬೇಕು. ಹುಟ್ಟುಹಬ್ಬ ಮುಗಿದ ವಾರವೇ ಮೂರ್ನಾಲ್ಕು ವಿಡಿಯೋ ನೋಡಿ, ಇಷ್ಟೇನಾ ಅಂದುಕೊಂಡು ಶುರು ಹಚ್ಚಿಕೊಂಡೆ.

ಅಂಗಡಿಯಲ್ಲಿ ಡೆವಲಪರ್ ಬಾಟಲಿ ಮೇಲೆ 20, 30, 40 ಅಂತ ಬರೆದಿತ್ತು. ದೊಡ್ಡ ನಂಬರ್ ಅಂದ್ರೆ ಬೇಗ ಆಗುತ್ತೆ ಅಂತ 40 ತಗೊಂಡೆ. ಸಲೀಸಾಗಿ ಹರಡಲಿ ಅಂತ ದೋಸೆ ಹಿಟ್ಟಿನ ಹಾಗೆ ತೆಳ್ಳಗೆ ಕಲಸಿದೆ. ಟೂತ್‌ಬ್ರಷ್‌ನಲ್ಲಿ ಒತ್ತಿ ಒತ್ತಿ ಇಡೀ ಪ್ಯಾಚಿಗೆ ಹಚ್ಚಿದೆ. ಹಚ್ಚಿ ಮುಗಿಸುವಷ್ಟರಲ್ಲಿ ಕ್ಲೈಂಟ್ ಕಾಲ್ ಬಂತು. ಕಾಲ್ ಮುಗಿದಾಗ ಒಂದು ಗಂಟೆ ಆಗಿತ್ತು.

ತೊಳೆದು ನೋಡಿದರೆ ಚುಕ್ಕೆ ಎಲ್ಲಾ ಮಾಯ. ಖುಷಿ ಸಿಕ್ಕಿದ್ದು ಎರಡೇ ನಿಮಿಷ. ಬ್ಲೀಚ್ ಬಲೆ ದಾಟಿ ಆಚೆಗೆ ಇಳಿದಿದ್ದರಿಂದ ಬುಡದ ಕಾಲಿಂಚು ಕೂದಲೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಬಾಚಣಿಗೆ ಹಾಕಿದೆ. ಒಂದು ಹಿಡಿ ಕೂದಲು ಬಾಚಣಿಗೆ ಜತೆಗೇ ಬಂತು. 14 ಸಾವಿರ ರೂಪಾಯಿ ಪ್ಯಾಚು, ಹೊಸದು, ಒಂದು ದಿನವೂ ತಲೆ ಮೇಲೆ ಕೂರಲಿಲ್ಲ.

ತಪ್ಪು ಎಲ್ಲಾಯ್ತು ಅಂತ ಆಮೇಲೆ ಓದಿ ತಿಳಕೊಂಡೆ. ಕೂದಲಿನ ಕಪ್ಪಿಗೆ ಕಾರಣ ಮೆಲನಿನ್. ಹೈಡ್ರೋಜನ್ ಪೆರಾಕ್ಸೈಡು, ಪುಡಿಯಲ್ಲಿರುವ ಪರ್‌ಸಲ್ಫೇಟು ಸೇರಿ ಆ ಮೆಲನಿನ್ನನ್ನು ಒಡೆಯುತ್ತವೆ. ಆದರೆ ಅವು ಬಣ್ಣವನ್ನಷ್ಟೇ ಹುಡುಕಿಕೊಂಡು ಹೋಗಲ್ಲ, ಕೂದಲನ್ನೂ ತಿನ್ನುತ್ತವೆ. ಗಂಟು ಅಂದ್ರೆ ಬೇರೇನಲ್ಲ, ಸುತ್ತಿದ ಕೂದಲೇ. ಹೆಚ್ಚು ಹೊತ್ತು ಬಿಟ್ಟರೆ ಬಣ್ಣದ ಜತೆ ಗಂಟಿನ ಜೀವವೂ ಹೋಗುತ್ತೆ. ಡೆವಲಪರ್ ನಂಬರಿನ ಗುಟ್ಟೂ ಅಷ್ಟೇ: 20 ವಾಲ್ಯೂಮ್ ಅಂದ್ರೆ 6% ಪೆರಾಕ್ಸೈಡ್, 30 ಅಂದ್ರೆ 9%, 40 ಅಂದ್ರೆ 12%. ಇಷ್ಟು ಸಣ್ಣ ಗಂಟಿಗೆ 20 ಸಾಕೋ ಸಾಕು.

ಎರಡನೇ ಸಲ: ಗಡಿಯಾರ ಇಟ್ಟುಕೊಂಡು

ಮುಂದಿನ ಪ್ಯಾಚ್ ಬಂದಾಗ ಅವ್ವ ಬೆಂಗಳೂರಿನಲ್ಲೇ ಇದ್ದಳು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದು ನಾಲ್ಕು ದಿನ ಆಗಿತ್ತು. ಭಾನುವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೊರಟಳು. ಹೋಗಿ ಬರೋಕೆ ಎರಡು ಗಂಟೆ ಬೇಕು ಅಂತ ನನ್ನ ಲೆಕ್ಕ. ಬಾಗಿಲು ಹಾಕಿಕೊಂಡು ಶುರು ಮಾಡಿದೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳ್ತೀನಿ, ಬೇಕಾದವರು ಗುರುತು ಹಾಕಿಕೊಳ್ಳಿ.

ಮೊದಲು ಕಿಟಕಿ ತೆರೆದೆ, ಕೈಗೆ ಗ್ಲೌಸ್ ಹಾಕಿದೆ. ಈ ಘಾಟು ಕಣ್ಣು ಮೂಗಿಗೆ ಒಳ್ಳೇದಲ್ಲ. ಪರ್‌ಸಲ್ಫೇಟ್ ಪುಡಿ ಅಸ್ತಮಾ ಇರುವವರಿಗೆ ತೊಂದರೆ ಕೊಡುತ್ತೆ. ಅಂಥವರು ಈ ಕೆಲಸಕ್ಕೆ ಕೈ ಹಾಕೋದೇ ಬೇಡ. ಬಟ್ಟಲು, ಚಮಚ ಪ್ಲಾಸ್ಟಿಕ್ಕಿನದು. ಸ್ಟೀಲ್ ಬಟ್ಟಲು ಬೇಡ.

ಪ್ಯಾಚ್ ಹೊಸದಾಗಿರಬೇಕು, ಪೂರ್ತಿ ಒಣಗಿರಬೇಕು. ಒದ್ದೆ ಇದ್ದರೆ ಬ್ಲೀಚ್ ನೀರಾಗಿ ಒಳಗೆ ಇಳಿಯುತ್ತೆ. ಹಳೇ ಪ್ಯಾಚಾದರೆ ಅಂಟಿನ ಚೂರೂ ಉಳಿಯದ ಹಾಗೆ ತೆಗೆದಿರಬೇಕು. ಅಂಟಿರುವ ಕಡೆ ಬ್ಲೀಚ್ ಹಿಡಿಯಲ್ಲ.

ಹಿಂಭಾಗದ ಒಂದು ಮೂಲೆಯಲ್ಲಿ ನಾಲ್ಕೈದು ಗಂಟಿಗೆ ಮಾತ್ರ ಹಚ್ಚಿ ಪರೀಕ್ಷೆ ಮಾಡಿದೆ. ಇದನ್ನ ಬಿಡಬೇಡಿ. ಕಪ್ಪು ಬಣ್ಣ ಹಾಕಿದ ಕೂದಲಾದರೆ ಗಂಟು ಸರಿಯಾಗಿ ತಿಳಿಯಾಗಲ್ಲ. ತಯಾರಕರು ಅಚ್ಚ ಕಪ್ಪಿಗೆ ನಂಬರ್ 1 ಅಂತಾರೆ. ಅದು ಬಹಳ ಸಲ ಬಣ್ಣ ಹಾಕಿದ್ದೇ ಆಗಿರುತ್ತೆ. ನಮ್ಮ ಸಹಜ ಕೂದಲಿಗೆ ಹತ್ತಿರದ್ದು 1ಬಿ, ಅದು ಸುಲಭ. ಸಿಂಥೆಟಿಕ್ ಕೂದಲಿಗೆ ಬ್ಲೀಚ್ ಉಪಯೋಗ ಇಲ್ಲವೇ ಇಲ್ಲ.

ಪ್ಯಾಚನ್ನು ಒಳಮೈ ಹೊರಗೆ ಮಾಡಿ ಥರ್ಮಾಕೋಲ್ ತಲೆ ಮೇಲೆ ಇಟ್ಟು ಅಂಚಿಗೆ ಪಿನ್ ಚುಚ್ಚಿದೆ. ಕೂದಲು ಕೆಳಗೆ, ಬಲೆಯ ಒಳಮೈ ಮೇಲೆ. ಬ್ಲೀಚ್ ಹಚ್ಚಬೇಕಾದ್ದು ಈ ಒಳಮೈಗೆ.

ಒಂದು ಚಮಚ ಪುಡಿಗೆ ಮೊದಲು ಒಂದು ಚಮಚ ಡೆವಲಪರ್, ಆಮೇಲೆ ಬೇಕಾದಷ್ಟು ಹನಿ ಹನಿ. ಹದ ಅಂದ್ರೆ ಶ್ರೀಖಂಡದ ಹದ. ಚಮಚ ತಲೆಕೆಳಗೆ ಮಾಡಿದರೂ ಬೀಳಬಾರದು. ತೆಳುವಾದರೆ ಬಲೆಯ ತೂತಿನಿಂದ ಇಳಿದು ಕೂದಲ ಬುಡ ಸುಡುತ್ತೆ. ಮೊದಲ ಸಲ ನನಗಾದ ಕಥೆ.

ಇಡೀ ಪ್ಯಾಚಿಗಲ್ಲ, ಮುಂದಿನ ಒಂದಿಂಚು ಮತ್ತು ಬೈತಲೆ ಬರುವ ಜಾಗಕ್ಕೆ ಮಾತ್ರ. ಹಿಂದಿನದನ್ನು ಕೂದಲೇ ಮುಚ್ಚುತ್ತೆ, ಅಲ್ಲಿ ಗಂಟು ಗಟ್ಟಿಯಾಗಿರಲಿ. ಬ್ರಷ್ ತುದಿಯಿಂದ ಬೆಣ್ಣೆ ಸವರಿದ ಹಾಗೆ ಮೇಲೆ ಮೇಲೆ ಸವರಬೇಕು. ಒತ್ತಬಾರದು, ತಿಕ್ಕಬಾರದು. ಮೇಲೆ ಫಾಯಿಲ್ ಮುಚ್ಚಿದೆ, ಒಣಗಿದರೆ ಬ್ಲೀಚ್ ಕೆಲಸ ನಿಲ್ಲಿಸಿಬಿಡುತ್ತೆ. ಫೋನಿನಲ್ಲಿ ಟೈಮರ್: ಮೊದಲು 10 ನಿಮಿಷ, ಆಮೇಲೆ ಪ್ರತಿ 5 ನಿಮಿಷಕ್ಕೆ ಒಂದು ಸಲ.

ಹದಿನೈದನೇ ನಿಮಿಷಕ್ಕೆ ಬಾಗಿಲಲ್ಲಿ ಕೀಲಿ ತಿರುಗಿದ ಸದ್ದಾಯ್ತು.

“ಏನ್ ಘಾಟೋ ಇದು ಮನಿತುಂಬ?”

ದೇವಸ್ಥಾನದಲ್ಲಿ ವಿಪರೀತ ರಶ್ ಅಂತ ಹೊರಗಿನಿಂದಲೇ ಕೈ ಮುಗಿದು ವಾಪಸ್ ಬಂದಿದ್ದಳು. ಹಳೇ ಪ್ಯಾಚ್ ಆವತ್ತು ಬೆಳಿಗ್ಗೆ ತೆಗೆದಿದ್ದೆ, ತಲೆಗೆ ಟವೆಲ್ ಸುತ್ತಿದ್ದೆ. ಗಾಬರಿಯಲ್ಲಿ ಟವೆಲ್ ಬಿಗಿ ಮಾಡೋಕೆ ಹೋಗಿ ಬಿದ್ದೇಹೋಯ್ತು. ಅವ್ವ ನನ್ನ ಬೋಳು ತಲೆ ನೋಡಿದಳು. ಅಡುಗೆ ಕಟ್ಟೆ ಮೇಲಿನ ಫಾಯಿಲ್ ಮುಚ್ಚಿದ ಇನ್ನೊಂದು ತಲೆ ನೋಡಿದಳು. ಮತ್ತೆ ನನ್ನ ತಲೆ ನೋಡಿದಳು.

ಹೇಳಬೇಕಾದ್ದು ಎರಡು ವರ್ಷದ್ದಿತ್ತು. ಟೈಮರ್‌ನಲ್ಲಿ ಉಳಿದಿದ್ದು ಐದು ನಿಮಿಷ. ನನಗೆ ಏನು ಹೇಳಬೇಕು ಅಂತ ತಿಳೀದೆ, “ಅವ್ವ, ಇದನ್ನ ಈಗ ಬಿಟ್ರೆ ಹಾಳಾಗುತ್ತೆ” ಅಂದೆ.

“ಹಂಗಾರ ಮೊದ್ಲ ಅದನ್ನ ನೋಡು. ಆಮ್ಯಾಲ ಮಾತಾಡೂಣು.”

ಎಲ್ಲಿ ನಿಲ್ಲಿಸಬೇಕು

ಇಪ್ಪತ್ತನೇ ನಿಮಿಷಕ್ಕೆ ಫಾಯಿಲ್ ತೆಗೆದೆ. ಒದ್ದೆ ಹತ್ತಿಯಿಂದ ಒಂದು ಚೂರು ಜಾಗದ ಬ್ಲೀಚ್ ಒರೆಸಿ ನೋಡಿದೆ. ಕಪ್ಪು ಹೋಗಿ ಕಂದು, ಕಂದು ದಾಟಿ ಬೆಲ್ಲದ ಬಣ್ಣಕ್ಕೆ ಬಂದಿತ್ತು. ವಿಡಿಯೋದಲ್ಲಿ ನೋಡಿದ್ದು ಇನ್ನೂ ಬೆಳ್ಳಗಿತ್ತು. ಇನ್ನೊಂದು ಹತ್ತು ನಿಮಿಷ ಬಿಡೋಣ ಅಂದುಕೊಂಡೆ.

ಅವ್ವ ಚಷ್ಮಾ ಹಾಕಿಕೊಂಡು ಪಕ್ಕಕ್ಕೆ ಬಂದಳು. ನಾನು ಬಲೆ ತೋರಿಸಿದೆ. ಅವಳಿಗೆ ಕೂದಲಿನ ವ್ಯವಹಾರ ಹೊಸದಲ್ಲ. ಕೊಪ್ಪಳದ ಮಗ್ಗುಲಲ್ಲೇ ಇರುವ ಭಾಗ್ಯನಗರ ಕೂದಲಿನ ಉದ್ಯಮಕ್ಕೆ ಹೆಸರಾದ ಊರು. ಸಿಕ್ಕು ಬಿಡಿಸುವುದು, ವಿಂಗಡಿಸುವುದು ಅಲ್ಲಿ ಎಷ್ಟೋ ಹೆಂಗಸರ ಕೆಲಸ. ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿಟ್ಟು, ಓಣಿಗೆ ಬಂದವನಿಗೆ ಕೊಟ್ಟು ಅವ್ವನೂ ಸ್ಟೀಲ್ ಡಬ್ಬಿ ತಗೊಂಡವಳೇ.

ಬಲೆಯನ್ನು ಮುಟ್ಟದೆ ಬಗ್ಗಿ ನೋಡಿದಳು.

“ಮಲ್ಲಿಗಿ ಕಟ್ಟಿದಂಗ ಕಟ್ಯಾರಲ್ಲೋ! ಎಷ್ಟ್ ಸಣ್ಣ ಗಂಟು… ಯಾರ ಕೈಯೋ ಏನೋ.”

“ಇನ್ನೊಂದ್ ಸ್ವಲ್ಪ ಬೆಳ್ಳಗಾಗ್ಬೇಕವ್ವ.”

ಅವಳು ಒಮ್ಮೆ ಬಲೆ ನೋಡಿದಳು, ಒಮ್ಮೆ ನನ್ನ ತಲೆ. “ಯಾಕ? ನಿನ್ನ ತಲಿ ಬೆಳ್ಳಗೈತೇನು? ನಿನ್ನ ಬಣ್ಣಕ್ಕ ಬಂತಲ್ಲ, ಸಾಕು ತೆಗಿ. ಗಂಟು ಸಡ್ಲಾತಂದ್ರ ಹೂವು ನಿಂದರ್ತಾವೇನು?”

ಎಷ್ಟು ವಿಡಿಯೋ ನೋಡಿದರೂ ನನಗೆ ಹೊಳೆಯದ ಮಾತು ಅದು. ಆ ವಿಡಿಯೋಗಳಲ್ಲಿದ್ದವರ ನೆತ್ತಿ ಬಿಳಿ, ಅವರಿಗೆ ಬಿಳಿ ಗಂಟು ಬೇಕು. ನಮ್ಮದು ಗೋಧಿ ಬಣ್ಣದ, ಕಂದು ಬಣ್ಣದ ನೆತ್ತಿ. ಇದರ ಮೇಲೆ ಬಿಳಿ ಚುಕ್ಕೆಯೂ ಎದ್ದು ಕಾಣುತ್ತೆ. ಬೆಲ್ಲ, ಜೇನು, ತಿಳಿ ಕಂದು: ನಿಮ್ಮ ನೆತ್ತಿಗೆ ಹತ್ತಿರ ಯಾವುದೋ ಅಲ್ಲಿಗೆ ನಿಲ್ಲಿಸಿ. ಗಂಟು ಮಾಯವಾಗಬೇಕಿಲ್ಲ, ಕಣ್ಣಿಗೆ ಹೊಡೆಯದಿದ್ದರೆ ಆಯ್ತು. ಬಹುತೇಕ 20ರಿಂದ 30 ನಿಮಿಷದಲ್ಲಿ ಆ ಬಣ್ಣ ಬರುತ್ತೆ. ನಾನಂತೂ ಬಂದಿರಲಿ ಬಿಡಲಿ, 40 ನಿಮಿಷ ದಾಟಿಸಲ್ಲ.

ತೊಳೆಯೋದಕ್ಕೂ ಕ್ರಮ ಇದೆ. ತಣ್ಣೀರು, ಸಣ್ಣ ಧಾರೆ, ಬುಡದಿಂದ ತುದಿ ಕಡೆಗೆ. ಬ್ಲೀಚ್ ನಿಲ್ಲಿಸುವ ನ್ಯೂಟ್ರಲೈಸಿಂಗ್ ಶಾಂಪೂ ಸಿಕ್ಕರೆ ಅದು, ಇಲ್ಲದಿದ್ದರೆ ಮೆದು ಶಾಂಪೂ ಎರಡು ಸಲ. ಗಂಟು ತೀರಾ ಕಿತ್ತಳೆ ಅನಿಸಿದರೆ ನೀಲಿ ಶಾಂಪೂ, ಹಳದಿ ಅನಿಸಿದರೆ ನೇರಳೆ ಶಾಂಪೂ, ಒಂದೆರಡು ನಿಮಿಷ. ಕಂಡೀಷನರ್ ಕೂದಲಿನ ಉದ್ದಕ್ಕೆ ಮಾತ್ರ. ಗಂಟಿಗೆ ತಾಗಿದರೆ ಜಾರಿ ಬಿಚ್ಚಿಕೊಳ್ಳುತ್ತೆ. ಒಣಗಿದ ಮೇಲೆ ಒಳಮೈಗೆ ನಾಟ್ ಸೀಲರ್ ಸ್ಪ್ರೇ. ಉಳಿದ ಮಿಶ್ರಣವನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಇಡಬೇಡಿ, ಗ್ಯಾಸ್ ತುಂಬಿ ಬಾಟಲಿ ಸಿಡಿಯಬಹುದು. ನೀರು ಹಾಕಿ ಚೆಲ್ಲಿಬಿಡಿ.

ಆಮೇಲಿನ ಮಾತು

ಪ್ಯಾಚ್ ಒಣಗೋಕೆ ಇಟ್ಟ ಮೇಲೆ ಅವ್ವ ಚಹಾ ಮಾಡಿದಳು. ಬೈತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಪ್ಯಾಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಒಂದೇ:

“ಅಲ್ಲೋ, ಆ ಎಣ್ಣಿ?”

ನಾನು ತಲೆ ತಗ್ಗಿಸಿದೆ.

“ನಿನ್ನ ತಮ್ಮ ಆರ್ ತಿಂಗಳಾತು ಅದನ್ನ ಹಚ್ಗೊಳ್ಳಾಕತ್ತಾನ. ನಾನ ಹೇಳಿದ್ನಿ. ಅಣ್ಣಗ ಬಂದಾವು, ನಿನಗೂ ಬರ್ತಾವ ಅಂತ.”

ತಮ್ಮ ಅಂದ್ರೆ ಚಿಕ್ಕಪ್ಪನ ಮಗ. 23 ವರ್ಷ. ಮೊದಲ ಕೆಲಸ, ಕಡಿಮೆ ಸಂಬಳ, ತಿಂಗಳಿಗೆ ಎರಡು ಬಾಟಲಿ ಎಣ್ಣೆ. ದುಡ್ಡು ಹೋಗಲಿ. ನನ್ನ ಮನಸ್ಸಿಗೆ ಚುಚ್ಚಿದ್ದು ಬೇರೆ. ವಂಶದಿಂದ ಬರುವ ಈ ಬೋಳುತನಕ್ಕೆ ಔಷಧಿ ಇಲ್ಲ ಅಂತೇನಿಲ್ಲ. ಮಿನಾಕ್ಸಿಡಿಲ್‌ನಂಥ ಔಷಧಿ ಇರುವ ಕೂದಲನ್ನು ಉಳಿಸಿಕೊಳ್ಳೋಕೆ ಸಹಾಯ ಮಾಡುತ್ತೆ. ಪೂರ್ತಿ ಹೋದದ್ದನ್ನು ವಾಪಸ್ ತರೋದು ಕಷ್ಟ. ಹಾಗಾಗಿ ಎಷ್ಟು ಬೇಗ ಚರ್ಮರೋಗ ತಜ್ಞರ ಹತ್ತಿರ ಹೋದರೆ ಅಷ್ಟು ಒಳ್ಳೆಯದು. ಅವನಿಗೆ ಆ ಆರು ತಿಂಗಳು ಇತ್ತು. ನನ್ನ ಒಂದು ಸುಳ್ಳನ್ನು ನಂಬಿ ಎಣ್ಣೆ ಹಚ್ಚಿಕೊಂಡು ಕೂತಿದ್ದ.

ಆವತ್ತು ರಾತ್ರಿ ಫೋನ್ ಮಾಡಿ ಎಲ್ಲಾ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಕಾಲ್ ಕಟ್ ಆಯ್ತೇನೋ ಅಂತ ಎರಡು ಸಲ ಹಲೋ ಅಂದೆ. ಆಮೇಲೆ, “ಮೊದ್ಲ ಹೇಳಬೇಕಿತ್ತಣ್ಣ” ಅಂದ. ಅಷ್ಟೇ. ಆ ವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ, ಫೀಸ್ ನಾನೇ ಕೊಟ್ಟೆ. ಫೀಸ್ ಕೊಟ್ಟರೆ ಆರು ತಿಂಗಳು ವಾಪಸ್ ಬರಲ್ಲ ಅಂತ ಇಬ್ಬರಿಗೂ ಗೊತ್ತು.

ಪ್ಯಾಚ್ ಹಾಕೋದು ನಾಚಿಕೆಯ ಕೆಲಸ ಅಂತ ನನಗೆ ಈಗಲೂ ಅನಿಸಲ್ಲ. ಕಣ್ಣಿಗೆ ಕನ್ನಡಕ, ಹಲ್ಲಿಗೆ ಕ್ಯಾಪ್, ತಲೆಗೆ ಇದು. ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಬೇಕು ಅಂತಲೂ ಇಲ್ಲ. ಆದರೆ ಮುಚ್ಚಿಡೋಕೆ ಅಂತ ಹೇಳಿದ ಸುಳ್ಳನ್ನು ಯಾರಾದರೂ ನಂಬಿ ಅದರ ಪ್ರಕಾರ ನಡೆಯೋಕೆ ಶುರು ಮಾಡಿದರೆ, ಅಲ್ಲಿಗೆ ಅದು ನಮ್ಮ ಕೂದಲಿನ ವಿಷಯವಾಗಿ ಉಳಿಯಲ್ಲ.

ಇಷ್ಟೆಲ್ಲ ಬೇಕಾ?

ಪ್ರಾಮಾಣಿಕವಾಗಿ ಹೇಳ್ತೀನಿ: ಬೇಡದೆಯೂ ನಡೆಯುತ್ತೆ. ಬ್ಲೀಚ್ ಮಾಡಿದ ಗಂಟು ಎಷ್ಟು ಜಾಗ್ರತೆ ಮಾಡಿದರೂ ಸ್ವಲ್ಪ ದುರ್ಬಲವೇ. ಕೂದಲು ಬೇಗ ಉದುರುತ್ತೆ, ಪ್ಯಾಚಿನ ಆಯಸ್ಸು ಕಡಿಮೆಯಾಗುತ್ತೆ. ನಿಮ್ಮ ಹೇರ್‌ಸ್ಟೈಲ್ ಹಣೆ ಮೇಲೆ ಬೀಳುವಂಥದ್ದಾದರೆ ಚುಕ್ಕೆ ಯಾರಿಗೂ ಕಾಣಲ್ಲ, ಸುಮ್ಮನಿದ್ದುಬಿಡಿ. ಕೂದಲನ್ನು ಹಿಂದಕ್ಕೆ ಬಾಚುವವರಿಗೆ, ಬೈತಲೆ ತೆಗೆಯುವವರಿಗೆ ಮಾತ್ರ ಇದರ ಚಿಂತೆ.

ಬ್ಲೀಚ್ ಬೇಡ ಅನಿಸಿದರೆ, ನಿಮ್ಮ ನೆತ್ತಿ ಬಣ್ಣದ ಕಾಂಪ್ಯಾಕ್ಟ್ ಪೌಡರನ್ನು ಬಲೆಯ ಒಳಮೈಗೆ ಬ್ರಷ್‌ನಲ್ಲಿ ತಟ್ಟಿ. ಬೆವರಿಗೆ, ನೀರಿಗೆ ಹೋಗುತ್ತೆ, ಆದರೆ ಒಂದು ಮದುವೆ ಮಧ್ಯಾಹ್ನಕ್ಕೆ ಸಾಕು. ಹೊಸ ಪ್ಯಾಚ್ ಆರ್ಡರ್ ಮಾಡುವವರು ಮೊದಲೇ ಕೇಳಿ: ಮುಂಭಾಗಕ್ಕೆ ಒಂಟಿ ಗಂಟು ಹಾಕ್ತಾರಾ, ಅಲ್ಲೇ ಬ್ಲೀಚ್ ಮಾಡಿ ಕೊಡ್ತಾರಾ ಅಂತ. ಒಂಟಿ ಗಂಟು ಜೋಡಿ ಗಂಟಿಗಿಂತ ಸಣ್ಣದು, ಚುಕ್ಕೆಯೂ ಸಣ್ಣದು.

ಇನ್ನೆರಡು ಎಚ್ಚರ. ತಲೆ ಮೇಲೆ ಅಂಟಿಸಿಕೊಂಡಿರುವಾಗ ಬ್ಲೀಚ್ ಹಚ್ಚಬೇಡಿ, ಚರ್ಮ ಸುಡುತ್ತೆ. ಬಾತ್‌ರೂಮ್ ತೊಳೆಯುವ ಬ್ಲೀಚ್ ಬೇರೆಯದೇ ವಸ್ತು, ಅದು ಕೂದಲನ್ನೇ ಕರಗಿಸುತ್ತೆ. ಹೆಸರು ಒಂದೇ ಅಂತ ಮೋಸ ಹೋಗಬೇಡಿ.

ಅವ್ವ “ಸಾಕು” ಅಂದ ಆ ಪ್ಯಾಚ್ ಮೂರೂವರೆ ತಿಂಗಳು ಬಾಳಿಕೆ ಬಂತು. ನಡುವೆ ಒಂದು ದಿನ ಟೀಮ್ ಲೀಡ್ ಮಗಳು ಆಫೀಸಿಗೆ ಬಂದಿದ್ದಳು. ಎತ್ತಿಕೊಂಡೆ. ಹಣೆ ಹತ್ತಿರ ಮುಖ ತಂದು ನೋಡಿದಳು, ಏನೂ ಹೇಳಲಿಲ್ಲ, ನನ್ನ ಐಡಿ ಕಾರ್ಡ್ ಎಳೆದುಕೊಂಡು ಆಡೋಕೆ ಶುರು ಮಾಡಿದಳು.

ಮುಂದಿನ ಪ್ಯಾಚ್ ಈ ವಾರ ಬರುತ್ತೆ. ಮುಂಭಾಗಕ್ಕೆ ಒಂಟಿ ಗಂಟು, ಅಲ್ಲೇ ಬ್ಲೀಚ್ ಅಂತ ಆರ್ಡರ್ ಮಾಡಿದ್ದೀನಿ. ನಿನ್ನೆ ಅವ್ವ ಫೋನ್ ಮಾಡಿದ್ದಳು. ಮಳೆ, ಜ್ವಾರಿ, ತಮ್ಮನ ಔಷಧಿ ಎಲ್ಲಾ ಆದ ಮೇಲೆ ಕೇಳಿದಳು:

“ಹೊಸಾದು ಬಂತೇನು? ಬಂದ ಮ್ಯಾಲ ವಿಡಿಯೋ ಹಚ್ಚು. ಗಂಟು ಹೆಂಗ ಹಾಕ್ಯಾರ ನೋಡ್ತೀನಿ.”